ಎರಡು ಹೊಟ್ಟೆಯ ಎಂಟು

ನಮ್ಮ ಹೆಡ್ ಮಾಸ್ತರರ ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಮೊದಲು ಎಡಗಾಲು ಹೊರಳುತ್ತಿತ್ತು, ಆಮೇಲೆ ಸೊಂಟ, ಆಮೇಲೆ ಎದೆ, ಕೊನೆಗೆ ಎಲ್ಲದರ ಜೊತೆಗೆ ಮುಖ. ಅಷ್ಟರಲ್ಲಿ ಕರೆದವನೇ ಸುತ್ತು ಹಾಕಿ ಎದುರಿಗೆ ಬಂದು ನಿಂತಿರುತ್ತಿದ್ದ. "ಇವರನ್ನ ಹಿಂದಿನಿಂದ ಕರೀಬಾರದಪಾ, ಚಕ್ಕಡಿ ತಿರುವಿದಂಗ ಆಗ್ತೈತಿ" ಎಂದು ಅವರ ಹೆಂಡತಿಯೇ ನಗುತ್ತಿದ್ದರು.

ನಾನು ಅವರ ಕೈಯಲ್ಲಿ ಕಲಿಯುವಾಗ ಕುತ್ತಿಗೆ ಅರ್ಧದಷ್ಟಾದರೂ ತಿರುಗುತ್ತಿತ್ತು. ನಾನು ಪಿ.ಯು.ಸಿ. ಮುಗಿಸಿ, ಎರಡು ವರ್ಷ ಕೆಲಸವಿಲ್ಲದೆ ಊರು ತಿರುಗುವ ಹೊತ್ತಿಗೆ ಪೂರ್ತಿ ನಿಂತಿತ್ತು. ಅದರಿಂದ ತರಗತಿಯಲ್ಲಿ ಯಾರಿಗೂ ಲಾಭವಾದದ್ದು ಕಾಣೆ. ಬೋರ್ಡಿಗೆ ಮುಖ ಮಾಡಿಕೊಂಡೇ "ಮೂರನೇ ಸಾಲು, ಕಿಟಕಿ ಕಡಿಯಾಂವ, ಬಾಯಿ ಮುಚ್ಚು" ಎನ್ನುತ್ತಿದ್ದರು. ಕಿವಿಯೇ ಅವರ ಕುತ್ತಿಗೆಯ ಕೆಲಸವನ್ನೂ ಮಾಡುತ್ತಿತ್ತು.

ಯಲಬುರ್ಗಾ ತಾಲೂಕಿನ ನಮ್ಮ ಊರಿನ ಸರ್ಕಾರಿ ಶಾಲೆಗೆ ಅವರು ಬಂದದ್ದು ನಾನು ಹುಟ್ಟುವ ಮೊದಲು. ಬಂದ ದಿನದಿಂದ ಒಂದೇ ಹಟ: ಅಂಕಿ ಎಂದರೆ ಕನ್ನಡದ ಅಂಕಿ. ಬೋರ್ಡಿನ ಮೂಲೆಯ ತಾರೀಖು, ಹಾಜರಿ ಪುಸ್ತಕ, ಬಿಸಿಲಿಗೆ ಬಣ್ಣ ಹೋದ ಶಾಲೆಯ ಗೋಡೆಯ ಮೇಲಿನ ಮಗ್ಗಿ, ಎಲ್ಲವೂ ಕನ್ನಡದಲ್ಲಿ. ಇಂಗ್ಲಿಷ್ ಅಂಕಿ ಬರೆದವನನ್ನು ಬೈಯದೆ, ಹೊಡೆಯದೆ, ಅವನ ಪಾಟಿಯನ್ನು ಉಗುಳು ಹಚ್ಚಿ ಒರೆಸಿ ವಾಪಸ್ ಕೊಡುತ್ತಿದ್ದರು. ಅದು ಹೊಡೆತಕ್ಕಿಂತ ಹೆಚ್ಚು ನಾಚಿಕೆ ತರುತ್ತಿತ್ತು. ನನ್ನ ಎಂಟು ಸರಿಯಾಗಿ ಬರುತ್ತಿರಲಿಲ್ಲ. ಕೈ ಹಿಡಿದು ತಿದ್ದಿಸುತ್ತಿದ್ದರು: "ಎಡಕ್ಕ ಇಳಿ, ಹೊಟ್ಟಿ ತುಂಬು, ಬಲಕ್ಕ ಏರು, ತುದಿಗೆ ಹೊರಗ ಬಾಗು. ಮುಗೀತು." ಈ ನಾಲ್ಕು ಮಾತು ಮುಂದೆ ನನ್ನ ಬೆನ್ನು ಹತ್ತುತ್ತವೆಂದು ಆಗ ಗೊತ್ತಿರಲಿಲ್ಲ.

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಒಂದು ಸಂಜೆ ಅವರು ನಮ್ಮ ಮನೆಯ ಕಟ್ಟೆಗೆ ಬಂದು ಪೇಪರಿನ ಒಂದು ತುಂಡನ್ನು ನನ್ನ ಕೈಗಿಟ್ಟರು. ಹಳ್ಳಿಗಳ ಬೋರುಗಳ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ತಲುಪಿಸುವ ಕೆಲಸ. ಪಿ.ಯು.ಸಿ. ಸಾಕು. ಆದರೆ ಗೇರಿನ ಗಾಡಿ ಓಡಿಸುವ ಲೈಸೆನ್ಸ್ ಇರಲೇಬೇಕು.

"ಗುರುಗಳ, ನನಗ ಸೈಕಲ್ ಬಿಟ್ರ ಏನೂ ಬರೂದಿಲ್ರಿ" ಎಂದೆ.

"ಈಜು ಕಲತ ಮ್ಯಾಲೆ ಬಾವಿಗೆ ಇಳೀತೀನಿ ಅನ್ನಾವ ನೀನು" ಎಂದರು. ಆಮೇಲೆ ದನಿ ಇಳಿಸಿ ಹೇಳಿದರು: "ನಮ್ಮ ಸಾಲಿ ಹುಡುಗರ ಹಲ್ಲು ನೋಡೀ ಏನು? ಒಬ್ಬಂದೂ ಬೆಳ್ಳಗಿಲ್ಲ. ಎರಡು ಸಲ ಅರ್ಜಿ ಬರದೆ, ಯಾರೂ ಬರಲಿಲ್ಲ. ನೀ ಈ ನೌಕರಿ ಹಿಡಿ. ಮೊದಲನೇ ಬಾಟ್ಲಿ ನಮ್ಮ ಸಾಲಿ ಬೋರಿಂದು. ಅಷ್ಟ ನನ್ನ ಫೀಜು."

ನನ್ನ ಹೆಸರು ಪಟ್ಟಿಯಲ್ಲಿ ಬಂತು. ಎರಡು ತಿಂಗಳೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಪಟ್ಟಿಯ ಮುಂದಿನವನಿಗೆ ಹೋಗುತ್ತದೆ ಎಂದು ಕಾಗದದ ಕೊನೆಯಲ್ಲಿ ಬರೆದಿತ್ತು. ಆ ಮುಂದಿನವನು ಗಂಗಾವತಿಯವನು. ಕಾಲುವೆಯ ನೀರು ಕುಡಿದು ಬೆಳೆದವನು ನಮ್ಮ ಊರಿನ ಬೋರಿನತ್ತ ಯಾವಾಗ ತಿರುಗಿ ನೋಡಿಯಾನು ಎಂಬುದು ಹೆಡ್ ಮಾಸ್ತರರ ಪ್ರಶ್ನೆ.

ಅವರ ಮನೆಯ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದ ಒಂದು ಮೋಟರ್ ಸೈಕಲ್ ಇತ್ತು. ಮೂರು ವರ್ಷದ ಹಿಂದೆ ಪಕ್ಕದ ಓಣಿಯಿಂದ ಬಂದ ಎಮ್ಮೆ ಅವರಿಗೆ ಕಾಣದೆ ಹೋಗಿ, ಎಮ್ಮೆಗೆ ಏನೂ ಆಗದೆ ಇವರ ಮೊಣಕಾಲು ಒಡೆದಿತ್ತು. "ಇವತ್ತು ಎಮ್ಮಿ, ನಾಳೆ ಯಾರ ಮಗನೋ" ಎಂದು ಅಂದೇ ಕೀಲಿ ತೆಗೆದು ದೇವರ ಗೂಡಿನಲ್ಲಿಟ್ಟಿದ್ದರು. ಈಗ ಆ ಕೀಲಿ ಹೊರಗೆ ಬಂತು. ಊರಲ್ಲಿ ಗಾಡಿ ಇದ್ದವರು ಹತ್ತು ಹನ್ನೆರಡು ಜನ, ಲೈಸೆನ್ಸ್ ಇದ್ದದ್ದು ಇವರೊಬ್ಬರಿಗೇ. ಅದೂ ಬಹಳ ಹಿಂದೆ ರಾಯಚೂರಿನಲ್ಲಿ ಮಾಡಿಸಿದ್ದು. ಅಲ್ಲಿ ಇವರನ್ನು ನೆಟ್ಟಗೆ ಹೋಗಿ ನೆಟ್ಟಗೆ ಬಾ ಎಂದು ಹೇಳಿ ಕಳಿಸಿದ್ದರಂತೆ. ಈಗಿನ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ಕಾಲು ಊರಿದರೆ ಫೇಲು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ, ಖೋಖೋ ಗೆರೆ ಎಳೆಯುವ ಸುಣ್ಣದ ಡಬ್ಬಿ ಹಿಡಿದು, ಸೊಂಟದಿಂದ ಬಗ್ಗಿ, ಒಂದು ದೊಡ್ಡ ಎಂಟು ಬರೆದರು. ಕನ್ನಡದ ಎಂಟು.

ಓದಿದವನು ನಿನಗೇಕೆ ಹೊಳೆಯಲಿಲ್ಲ ಎಂದು ಇಂದಿಗೂ ಕೇಳುವವರಿದ್ದಾರೆ. ಆ ಮೈದಾನದಲ್ಲಿ, ಆ ಗುರುಗಳ ಎದುರಿಗೆ, ನಾನು ಎರಡನೇ ತರಗತಿಯ ಹುಡುಗನೇ ಆಗಿದ್ದೆ. ಅವರು ಎಂಟು ಎಂದರೆ ನನಗೂ ಅದೇ ಎಂಟು. ಒಂದೂವರೆ ತಿಂಗಳು ಎಡಕ್ಕೆ ಇಳಿದೆ, ಹೊಟ್ಟೆ ತುಂಬಿದೆ, ಬಲಕ್ಕೆ ಏರಿದೆ, ತುದಿಗೆ ಹೊರಗೆ ಬಾಗಿದೆ. ಕೊನೆಕೊನೆಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. "ಛಲೋ ದುಂಡಗ ಬಂತು. ಇಷ್ಟು ಛಂದ ಪಾಟಿ ಮ್ಯಾಲೆ ಒಂದಿನಾನೂ ಬರೀಲಿಲ್ಲ ನೀನು" ಎಂದರು.

ಪರೀಕ್ಷೆಯ ದಿನ ಇಬ್ಬರೂ ಒಂದೇ ಗಾಡಿಯಲ್ಲಿ ಕೊಪ್ಪಳಕ್ಕೆ ಹೊರಟೆವು. ಕಲಿಯುವವನ ಹಿಂದೆ ಲೈಸೆನ್ಸ್ ಇದ್ದವರು ಕೂರಬೇಕು ಎಂಬ ಕಾಯ್ದೆಗೆ ಅವರು ಕೂತರು. ಅವರಿಗೆ ಕಾಣುತ್ತಿದ್ದದ್ದು ನನ್ನ ಹಿಂದಲೆ ಮಾತ್ರ. ಹಿಂದೆ ಲಾರಿ ಹಾರ್ನ್ ಹೊಡೆದರೆ "ಏನ್ ಬಂತು ನೋಡು" ಎನ್ನುತ್ತಿದ್ದರು. ನನಗೆ ತಿರುಗಿ ನೋಡಲು ಧೈರ್ಯವಿಲ್ಲ, ಅವರಿಗೆ ಕುತ್ತಿಗೆಯಿಲ್ಲ. ಕುಕನೂರು, ಭಾನಾಪುರ ದಾಟಿ ಕೊಪ್ಪಳ ಮುಟ್ಟುವವರೆಗೆ ಹಿಂದೆ ಏನೇನು ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಆರ್.ಟಿ.ಓ. ಬಯಲಿನಲ್ಲಿ ಎರಡು ಕಲ್ಲು ಇಟ್ಟಿದ್ದರು. ಸುಣ್ಣದ ಗೆರೆ ಏನೂ ಇರಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಜಾಲಿ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಸರದಿ ಮೊದಲನೆಯದೇ ಬಂತು. ಬೇರೆಯವರದು ನೋಡಿ ಕಲಿಯುವ ಅವಕಾಶವೂ ತಪ್ಪಿತು.

"ಹೂಂ, ಎಂಟ್ ಹಾಕು."

ಹಾಕಿದೆ. ಎಡಕ್ಕೆ ಇಳಿದು, ಕಲ್ಲುಗಳನ್ನು ಬಳಸಿ ಹೊಟ್ಟೆ ತುಂಬಿ, ಬಲಕ್ಕೆ ಏರಿ, ತುದಿಗೆ ಹೊರಗೆ ಬಾಗಿ, ಸಾಹೇಬರಿಂದ ಬಹಳ ದೂರ ಹೋಗಿ ನಿಂತೆ. ಕಾಲು ಊರಿರಲಿಲ್ಲ. ಹೆಮ್ಮೆಯಿಂದ ತಿರುಗಿ ನೋಡಿದರೆ ಅಲ್ಲಿ ಎಲ್ಲರೂ ನಗುತ್ತಿದ್ದರು.

"ಎಲ್ಲಿಗೆ ಹೊಂಟ್ಯೋ ತಮ್ಮಾ? ಎಂಟ್ ಹಾಕು ಅಂದ್ರ ಕುಷ್ಟಗಿ ದಾರಿ ಹಿಡದಿಯಲ್ಲ!"

"ಹಾಕೀನ್ರಿ ಸರ್."

ಹೆಡ್ ಮಾಸ್ತರರು ಮುಂದೆ ಬಂದರು. ಒಂದು ಜಾಲಿ ಕಡ್ಡಿ ತೆಗೆದುಕೊಂಡು ಸಾಹೇಬರ ಕುರ್ಚಿಯ ಮುಂದೆ ಮಣ್ಣಿನಲ್ಲಿ ೮ ಎಂದು ಬರೆದರು. "ಇದು ಯಾವ ಅಂಕಿ ಐತ್ರಿ ಸಾಹೇಬ್ರ?"

ಸಾಹೇಬರು ಬಗ್ಗಿ ನೋಡಿದರು. ಅವರ ನಗು ನಿಂತಿತು. ಅವರೂ ಕನ್ನಡ ಶಾಲೆಯಲ್ಲೇ ಕಲಿತವರಿರಬೇಕು.

"ಎಂಟ್ರಿ."

"ಹಂಗಾರ ನಮ್ಮ ಹುಡುಗ ಬರದದ್ದು ಏನ್ ತಪ್ಪಾತು?"

"ಗುರುಗಳ, ಅಂಕಿ ಪರೀಕ್ಷಾ ಆಗಿದ್ರ ನೂರಕ್ಕ ನೂರು ಕೊಡ್ತಿದ್ದೆ. ಇದು ಗಾಡಿ ಪರೀಕ್ಷಾ ಐತ್ರಿ. ಎಡಕ್ಕೂ ಸುತ್ತಬೇಕು, ಬಲಕ್ಕೂ ಸುತ್ತಬೇಕು, ಹೊಂಟಲ್ಲಿಗೆ ವಾಪಸ್ ಬರಬೇಕು. ನಿಮ್ಮ ಎಂಟಿಗೆ ಒಂದ ಹೊಟ್ಟಿ. ನನಗ ಎರಡು ಹೊಟ್ಟಿ ಬೇಕು. ಮುಂದಿನ ವಾರ ಕರಕೊಂಡು ಬರ್ರಿ."

ಮುಂದಿನ ವಾರ ಎಂದರೆ ನನ್ನ ಗಡುವಿಗೆ ಎರಡು ದಿನ ಮುಂಚೆ. ಇಬ್ಬರೂ ಊರಿನ ದಾರಿ ಹಿಡಿದೆವು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಈ ಮುದುಕನ ಹಟಕ್ಕೆ ನನ್ನ ಅನ್ನ ಹೋಯಿತು ಎಂದುಕೊಂಡೆ. ಊರು ಬಂದಾಗ ಅವರು ಇಳಿದು, ಕೀಲಿ ಕೂಡ ಕೇಳದೆ ಒಳಗೆ ಹೋದರು.

ಮರುದಿನ ಹೊತ್ತು ಮೂಡುವಾಗ ಮೈದಾನಕ್ಕೆ ಹೋದರೆ ಅವರಾಗಲೇ ಬಂದಿದ್ದರು. ನೆಲದ ಮೇಲೆ ಸುಣ್ಣದಲ್ಲಿ ಒಂದು ಇಂಗ್ಲಿಷ್ ಎಂಟು. ಮೇಲಿನ ಹೊಟ್ಟೆ ಸೊಟ್ಟ, ಕೆಳಗಿನದು ಅದಕ್ಕಿಂತ ಸೊಟ್ಟ, ನಡುವೆ ಗೆರೆ ಕೂಡದೆ ಎರಡು ಸಲ ತಿದ್ದಿದ್ದರು. ಆ ಕೈಯಿಂದ ಆ ಅಂಕಿ ಬಂದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಿನ್ನೆಯ ಸಿಟ್ಟು ಅಲ್ಲೇ ಇಳಿಯಿತು. ನನಗಾಗಿ ಯಾರೂ ಅಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿರಲಿಲ್ಲ.

"ಗಂಟಿ ಹೊಡಿಯೂದ್ರೊಳಗ ಕಸಬರಿಗಿ ತಗೊಂಡು ಅಳಸಬೇಕು. ಹುಡುಗರು ನೋಡಬಾರದು" ಎಂದರು.

ಹೀಗೆ ಆರು ಬೆಳಗು ಅವರು ಬರೆದರು, ಆರು ಬೆಳಗು ನಾನು ಅಳಿಸಿದೆ. ಮೂರನೇ ದಿನ ಬೇಗ ಬಂದ ಹುಡುಗಿಯೊಬ್ಬಳು ನೋಡಿಬಿಟ್ಟು "ಗುರುಗಳು ಇಂಗ್ಲಿಷ್ ಎಂಟು ಬರದಾರ!" ಎಂದು ಊರೆಲ್ಲ ಸಾರಿ ಬಂದಳು. ಅವರು ಕೇಳಿಸಲಿಲ್ಲವೆಂಬಂತೆ ನಿಂತಿದ್ದರು. ತಿರುಗಿ ನೋಡಲಾಗದ ಕುತ್ತಿಗೆಯಿಂದ ಅಂದು ಅವರಿಗೂ ಅನುಕೂಲವಾಯಿತು.

ನನ್ನ ಕಷ್ಟವೆಲ್ಲ ಎರಡು ಹೊಟ್ಟೆ ಕೂಡುವ ಜಾಗದಲ್ಲಿತ್ತು. ಎಡದಿಂದ ಬಲಕ್ಕೆ ಹೊರಳುವಾಗ ಮುಂದಿನ ಗಾಲಿ ನೋಡುತ್ತಿದ್ದೆ. ಗಾಡಿ ನಡುಗುತ್ತಿತ್ತು, ಕಾಲು ಊರುತ್ತಿದ್ದೆ.

"ಗಾಲಿ ನೋಡಬ್ಯಾಡ. ಅದು ಎಲ್ಲೂ ಹೋಗೂದಿಲ್ಲ, ನಿನ್ನ ಸಂಗಾಟನ ಬರ್ತೈತಿ. ಹೋಗಬೇಕಾದ ಜಾಗಾ ನೋಡು. ನೋಡಿದ ಕಡೆ ಗಾಡಿ ಹೋಗ್ತೈತಿ. ಕುತ್ತಿಗಿ ತಿರುವು!"

ಐದನೇ ದಿನ, ನಾಲ್ಕನೇ ಸಲ ಕಾಲು ಊರಿದಾಗ, ನನ್ನ ಬಾಯಿ ಜಾರಿತು. "ನಿಮ್ಮದ ತಿರಗೂದಿಲ್ಲ, ನನಗ ಹೇಳ್ತೀರಿ."

ಅಂದ ಕೂಡಲೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವರು ಸುಣ್ಣದ ಕೈಯನ್ನು ಧೋತರದ ಅಂಚಿಗೆ ಒರೆಸಿಕೊಂಡರು.

"ಅದಕ್ಕ ಹೇಳಾಕತ್ತೀನಿ. ಇದ್ದಾವಗ ಇದರ ಕಿಮ್ಮತ್ತು ಗೊತ್ತಿರೂದಿಲ್ಲೋ. ನನ್ನದು ತಿರಗತಿದ್ರ ಆ ಎಮ್ಮಿ ಕಾಣ್ತಿತ್ತು. ಹೂಂ, ಹಚ್ಚು ಗಾಡಿ."

ಹಚ್ಚಿದೆ. ಗಾಲಿ ಬಿಟ್ಟು, ಶಾಲೆಯ ಮೂಲೆಯ ಬೋರಿನ ಹ್ಯಾಂಡಲ್ ನೋಡಿದೆ. ಕುತ್ತಿಗೆ ತಿರುಗಿತು, ಅದರ ಹಿಂದೆ ಗಾಡಿಯೂ ತಿರುಗಿತು. ಸುತ್ತಿ ಹೊರಟಲ್ಲಿಗೇ ಬಂದೆ.

ಕೊಪ್ಪಳದಲ್ಲಿ ಸಾಹೇಬರಿಗೆ ನಮ್ಮ ನೆನಪಿತ್ತು. ನಾನು ಒಂದು ಸುತ್ತು ಮುಗಿಸಿದೆ, ಅವರು ಇನ್ನೊಂದು ಹಾಕಿಸಿದರು. "ಎರಡು ಹೊಟ್ಟಿ ಅದಾವ್ರಿ ಗುರುಗಳ, ಪಾಸು" ಎಂದರು. ಹೆಡ್ ಮಾಸ್ತರರು ಕೈ ಮುಗಿದು, "ಆದ್ರೂ ಒಂದ ಹೊಟ್ಟಿದು ಛಂದ ಇತ್ರಿ" ಎಂದು ಹೇಳಿಯೇ ಬಂದರು. ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಮಂಡಕ್ಕಿ ತಿಂದೆವು. ಅವರ ಹಣೆಯಲ್ಲಿ ಬೆವರು ಇಳಿಯುತ್ತಿದ್ದರೂ ಎರಡನೇ ಮಿರ್ಚಿ ಬೇಡವೆನ್ನಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಶಾಲೆಯ ಬೋರಿನ ನೀರನ್ನು ಬಾಟಲಿಗೆ ತುಂಬಿದೆ. ಚೀಟಿ ಅಂಟಿಸಿ, ಶಾಲೆಯ ಹೆಸರನ್ನು ಅವರಿಂದಲೇ ಬರೆಸಿದೆ. ಉತ್ತರ ಬರಲು ಕೆಲವು ವಾರ ಹಿಡಿಯಿತು. ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಕುಡಿಯಲು ಬಾರದು. ಹಲ್ಲು ಕಂದಾಗುವುದು ಮೊದಲು, ಬಹಳ ವರ್ಷ ಕುಡಿದವರಿಗೆ ಎಲುಬು ಬಿಗಿಯುವುದು ಆಮೇಲೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಕಾಗದವನ್ನೇ ಕೊಟ್ಟೆ. ಅವರು ಎರಡು ಸಲ ಓದಿದರು.

"ಹಂಗಾರ ನನ್ನ ಕುತ್ತಿಗಿಗೆ ಒಂದು ಹೆಸರು ಸಿಕ್ತು" ಎಂದರು.

ಅಂದೇ ಮಧ್ಯಾಹ್ನ ಬೋರಿನ ಹ್ಯಾಂಡಲ್ ಬಿಚ್ಚಿಸಿ ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಊರಿನವರು ಬಂದು ಜಗಳವಾಡಿದರು, ಕೊಡಲಿಲ್ಲ. ಹೊಲದ ಕಡೆಯ ಬಾವಿಯ ನೀರಿನ ಬಾಟಲಿಯೂ ಹೋಗಿ, ಅದು ಅಡ್ಡಿಯಿಲ್ಲವೆಂದು ಬಂದ ಮೇಲೆ, ಅಲ್ಲಿಂದ ಶಾಲೆಗೆ ನೀರು ತರುವ ವ್ಯವಸ್ಥೆಯಾಯಿತು. ನಿವೃತ್ತಿಯಾಗುವವರೆಗೆ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆಲ್ಲ ಕುತ್ತಿಗೆಯನ್ನು ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸಲ ತಿರುಗಿಸಲು ಹೇಳುತ್ತಿದ್ದರು. ತಾವು ಎದುರಿಗೆ ನೆಟ್ಟಗೆ ನಿಂತು, ಯಾರದಾದರೂ ಅರ್ಧಕ್ಕೆ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದರು. ಅದು ವ್ಯಾಯಾಮವೆಂದು ಮಕ್ಕಳು ತಿಳಿದಿದ್ದವು.

ನಿವೃತ್ತಿಯ ದಿನ ಗಾಡಿಯ ಕೀಲಿಯನ್ನು ನನಗೇ ಕೊಟ್ಟರು. ನಾನು ಬೇಡವೆಂದೆ. "ಅದಕ್ಕ ನಿನ್ನ ಕುತ್ತಿಗಿ ರೂಢಿ ಆಗೇತಿ" ಎಂದರು.

ಅವರು ಹೋದ ಸುದ್ದಿ ಬಂದಾಗ ನಾನು ಹನುಮಸಾಗರದ ಕಡೆ ಬಾಟಲಿ ತುಂಬುತ್ತಿದ್ದೆ. ಅದೇ ಗಾಡಿಯಲ್ಲಿ ಊರಿಗೆ ಬಂದೆ. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ಜೋಲದಿರಲೆಂದು ಹಣೆಗೆ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟುವುದು ರೂಢಿ. ಒಬ್ಬರು ಬಟ್ಟೆ ಹಿಡಿದು ಬಂದರು. ಹೆಡ್ ಮಾಸ್ತರರ ಹೆಂಡತಿ ಅಳು ನಿಲ್ಲಿಸಿ ಕೈ ಅಡ್ಡ ಮಾಡಿದರು.

"ಕಟ್ಟಬ್ಯಾಡ್ರಿ. ಅವರದೇನು ಜೋಲೂದಿಲ್ಲ."

ಜೋಲಲಿಲ್ಲ. ಪಾಠ ಕೇಳಲು ಕೂತ ಮಕ್ಕಳನ್ನು ನೋಡುವಂತೆ ನೆಟ್ಟಗೆ ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ. ಅವರನ್ನು ಮಾತಾಡಿಸಬೇಕಾದವರು ಯಾವಾಗಲೂ ಎದುರಿಗೇ ಬರಬೇಕಿತ್ತಲ್ಲ.

ಮಣ್ಣು ಕೊಟ್ಟು ಹೊರಟಾಗ ಇಳಿಹೊತ್ತು. ತುಂಬಿದ ಬಾಟಲಿಗಳು ಗಾಡಿಯ ಚೀಲದಲ್ಲೇ ಇದ್ದವು, ತಲುಪಿಸಬೇಕಿತ್ತು. ಶಾಲೆಯ ತಿರುವಿನಲ್ಲಿ ರಸ್ತೆ ಬಲಕ್ಕೆ ಹೊರಳುತ್ತದೆ. ಬಲಕ್ಕೆ ನೋಡಬೇಕಾದವನು ಎಡಕ್ಕೆ ಕುತ್ತಿಗೆ ತಿರುಗಿಸಿ ಆ ಮೈದಾನ ನೋಡಿದೆ. ನೋಡಿದ ಕಡೆಗೇ ಗಾಡಿ ವಾಲಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಾಲು ಊರಿದೆ.