ಗೂಬೆಗಳಿದ್ದ ಖಣಿ

ರಾವೂರಿನ ಖಣಿಯಲ್ಲಿದ್ದ ಗೂಬೆಗಳ ಜಾಗವನ್ನು ಹೊರಗಿನವನಿಗೆ ಹೇಳಿದವನು ನಾನು. ಹೇಳಿದ್ದಷ್ಟೇ ಅಲ್ಲ — ಅವು ಹೋದ ಮೇಲೆ ಆ ತಪ್ಪು ಬೇರೊಬ್ಬನ ತಲೆಗೆ ಬರುವಂತೆ ಒಂದು ಮಾತನ್ನೂ ಆಡಿದೆ. ಗೂಬೆಗಳು ಹೋದದ್ದು ದೊಡ್ಡದೋ, ಆ ಮಾತು ದೊಡ್ಡದೋ ಎಂದು ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಇಟ್ಟು ತೂಗುತ್ತ ಬಂದೆ. ಹಾಗೆ ತೂಗುವುದೂ ತಪ್ಪಿಸಿಕೊಳ್ಳುವ ಒಂದು ಬಗೆಯೇ.

ನನ್ನ ಹೆಸರು ರಾಘವೇಂದ್ರ. ವಾಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತ. ರಾವೂರಿನ ಬಸವರಾಜ ನನ್ನ ಗೆಳೆಯ. ಶಹಾಬಾದಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು ನಾವು. ನಮ್ಮ ಮನೆಯ ಮಡಿ ಅವನಿಗೆ ನಗೆಯ ವಿಷಯ, ಅವರ ಮನೆಯ ಊಟ ನನಗೆ ಆಸೆಯ ವಿಷಯ. ಡಿಗ್ರಿ ಮುಗಿದ ಮೇಲೆ ಅವನು ಹೊಲಕ್ಕೆ ಹೋದ, ನಾನು ಸೀಮೆಸುಣ್ಣ ಹಿಡಿದೆ. ಗೆಳೆತನ ಮಾತ್ರ ಹಾಗೇ ಉಳಿಯಿತು — ಅವನ ಕಡೆಯಿಂದ.

ಅವನ ಹೊಲದ ತುದಿಗೆ ಹಳೆಯ ಕಲ್ಲಿನ ಖಣಿಯೊಂದಿತ್ತು. ಅವರಪ್ಪನ ಕಾಲದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು, ಕೆಳಗೆ ನೀರು ಬಂದ ಮೇಲೆ ಕೈಬಿಟ್ಟದ್ದು. ಕೈಬಿಟ್ಟದ್ದೇ ಒಳ್ಳೆಯದಾಯಿತು. ತಳದ ನೀರಿನ ಸುತ್ತ ಆಪು ಹುಲ್ಲು ಬೆಳೆಯಿತು, ಕಪ್ಪೆಗಳು ಬಂದವು, ಆಮೆ ಎಲ್ಲಿಂದ ಬಂತೋ ಗೊತ್ತಿಲ್ಲ. ಮೇಲಿನ ಮಣ್ಣಿನ ಪದರದಲ್ಲಿ ಬಿಲ ಕೊರೆದು ಹಸಿರು ಬಣ್ಣದ ಜೇನುಬಾಕ ಹಕ್ಕಿಗಳು ಮರಿ ಮಾಡುತ್ತಿದ್ದವು. ಕಲ್ಲು ಒಡೆದಾಗ ಮೆಟ್ಟಿಲಿನಂತೆ ಉಳಿದ ಒಂದು ಎತ್ತರದ ಚಾಚಿನ ಮೇಲೆ, ಪೊದೆಯ ಮರೆಯಲ್ಲಿ, ಕೊಂಬಿನ ಗೂಬೆಗಳ ಜೋಡಿ ಇತ್ತು. ಅವು ಕೂಗುವುದು ಊರಿಗೆಲ್ಲ ಗೊತ್ತಿತ್ತು. ಕೂರುವ ಜಾಗ ಗೊತ್ತಿದ್ದದ್ದು ಬಸವರಾಜನಿಗೆ ಮತ್ತು ಅವನ ತಮ್ಮ ಮಲ್ಲಿಕಾರ್ಜುನನಿಗೆ ಮಾತ್ರ.

ಶಿವರಾತ್ರಿಯ ಆಸುಪಾಸಿನ ಒಂದು ಸಂಜೆ ಬಸವರಾಜ ನನ್ನನ್ನು ಅಲ್ಲಿಗೆ ಕರೆದೊಯ್ದ. ಚಾಚಿನ ಮೇಲೆ ಎರಡು ಮರಿಗಳು, ಇನ್ನೂ ನೂಲಿನ ಉಂಡೆಯಂತಿದ್ದವು. ತಾಯಿ ನಮ್ಮನ್ನೇ ನೋಡುತ್ತಿತ್ತು. ಅಂಥ ಕಿತ್ತಳೆ ಬಣ್ಣದ ಕಣ್ಣುಗಳನ್ನು ನಾನು ಪುಸ್ತಕದ ಹೊರಗೆ ನೋಡಿದ್ದು ಅದೇ ಮೊದಲು.

“ನಿನಗ ಅಷ್ಟೇ ತೋರಸಾಕತ್ತೀನಿ, ರಾಘು,” ಎಂದ ಬಸವರಾಜ. “ಅಮಾಸಿಗೆ ಮಾಟ ಮಾಡೋ ಮಂದಿ ಗೂಬಿ ಸಲುವಾಗಿ ಊರೂರು ತಿರಗತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ನನಗೇ ಹೇಳಬೇಕೇನೋ ಅದನ್ನ?” ಎಂದೆ ನಾನು. ಜೀವಶಾಸ್ತ್ರದ ಮಾಸ್ತರನಿಗೆ ಬುದ್ಧಿ ಹೇಳುತ್ತಾನಲ್ಲ ಎಂದು ಸ್ವಲ್ಪ ಮುನಿಸೂ ಬಂದಿತ್ತು.

ಅವನಿಗೆ ಆ ಹಕ್ಕಿಗಳ ಮೇಲೆ ಪ್ರೀತಿ ಇತ್ತು, ಜೊತೆಗೆ ಲೆಕ್ಕಾಚಾರವೂ ಇತ್ತು. ಸುತ್ತಲಿನ ಹೊಲಗಳವರು ಇಲಿ ಪಾಷಾಣ ಇಟ್ಟು ಸುಸ್ತಾಗಿದ್ದರೆ ಇವನು ಒಂದು ಚಿಟಿಕೆಯೂ ಇಟ್ಟವನಲ್ಲ. ಗೂಬೆಗಳು ಉಗುಳಿದ ಉಂಡೆಗಳನ್ನು ಆ ಸಂಜೆ ನಾನೇ ಆರಿಸಿ ತಂದು, ಆಮೇಲೆ ತರಗತಿಯಲ್ಲಿ ಬಿಡಿಸಿ ತೋರಿಸಿದ್ದೆ — ಒಳಗೆಲ್ಲ ಇಲಿಯ ಕೂದಲು, ಪುಟ್ಟ ತಲೆಬುರುಡೆ, ಹಲ್ಲು. ಜೀವವೈವಿಧ್ಯದ ಪಾಠಕ್ಕೆ ಪುಸ್ತಕದಲ್ಲಿ ವಿಮಾನದ ಮೊಳೆಗಳ ಉದಾಹರಣೆ ಇತ್ತು: ಒಂದೊಂದೇ ಮೊಳೆ ಕಿತ್ತರೆ ಕೊನೆಗೆ ವಿಮಾನ ಬೀಳುತ್ತದೆ ಎಂದು. ವಿಮಾನ ಹತ್ತದ ನಮ್ಮ ಮಕ್ಕಳಿಗೆ ನಾನು ತುಂಡು ಬಟ್ಟೆ ಹೊಲಿದು ಮಾಡುವ ಕೌದಿಯ ಉದಾಹರಣೆ ಹೇಳುತ್ತಿದ್ದೆ. ಒಂದು ಎಳೆ ಕಿತ್ತರೆ ಏನೂ ಆಗುವುದಿಲ್ಲ, ಇನ್ನೊಂದು ಕಿತ್ತರೂ ಆಗಲಿಕ್ಕಿಲ್ಲ, ಆದರೆ ಯಾವ ಎಳೆ ಕಿತ್ತಾಗ ತುಂಡುಗಳು ಬಿಚ್ಚಿಕೊಳ್ಳುತ್ತವೆ ಎಂದು ಮೊದಲೇ ಹೇಳಲು ಬರುವುದಿಲ್ಲ — ಹೀಗೆ. ಚೆನ್ನಾಗಿ ಕಲಿಸುತ್ತಿದ್ದೆ. ಅದರಲ್ಲಿ ಸಂದೇಹ ಬೇಡ.

ಖಣಿಯ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ಆಗಲೇ ಸಣ್ಣ ಜಗಳವಿತ್ತು. ಮಲ್ಲು ಬಸವರಾಜನಿಗಿಂತ ತುಂಬ ಚಿಕ್ಕವನು, ನನ್ನ ವಿದ್ಯಾರ್ಥಿ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳವರು ತಮ್ಮ ಬಿಳಿ ಕೆಸರು ಸುರಿಯಲು ಹಳೆಯ ಖಣಿಗಳನ್ನು ಹುಡುಕುತ್ತಿದ್ದರು. ಕೊಟ್ಟುಬಿಡೋಣ ಎಂದು ಮಲ್ಲು, ಗೂಬೆ ಇರುವ ತನಕ ಇಲ್ಲ ಎಂದು ಬಸವರಾಜ. ನನ್ನೆದುರಿಗೇ ವಾದಿಸುತ್ತಿದ್ದರು, ಆಮೇಲೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದರು.

ನಾನು ಆ ಸಂಜೆ ಒಂದು ಫೋಟೊ ತೆಗೆದಿದ್ದೆ. ಯಾರಿಗೂ ತೋರಿಸಬಾರದು ಎಂದುಕೊಂಡೇ ತೆಗೆದದ್ದು. ಒಂದು ವಾರ ಸುಮ್ಮನಿದ್ದೆ. ಆಮೇಲೆ ಮೊಬೈಲಿನಲ್ಲಿದ್ದ ಪಕ್ಷಿಪ್ರಿಯರ ಗುಂಪೊಂದಕ್ಕೆ ಹಾಕಿಬಿಟ್ಟೆ, ‘ನಮ್ಮ ವಾಡಿ ಸೀಮೆಯ ಹಳೆಯ ಖಣಿಯಲ್ಲಿ’ ಎಂದು ಬರೆದು. ಹೊಗಳಿಕೆ ಸುರಿಯಿತು. ನಮ್ಮ ಕಡೆ ಬರೀ ಧೂಳು, ಸಿಮೆಂಟು ಎಂದು ಮೂಗು ಮುರಿಯುವ ದೊಡ್ಡ ಊರಿನವರು ಕೂಡ ‘ಸರ್’ ಎಂದು ಕರೆದರು. ಅವರಲ್ಲಿ ಒಬ್ಬ ದಿನವೂ ಮಾತಾಡಿಸತೊಡಗಿದ. ಗೂಬೆಗಳ ಬಗ್ಗೆ ಅವನಿಗೆ ತುಂಬ ಗೊತ್ತಿತ್ತು. ನಿಮ್ಮಂಥವರು ಇರುವುದರಿಂದಲೇ ಇವು ಉಳಿದಿವೆ ಎಂದ. ದೂರದಿಂದ ಒಮ್ಮೆ ನೋಡಿ ಹೋಗುತ್ತೇನೆ ಎಂದ. ಜಾಗದ ನಕ್ಷೆಯನ್ನು ಅವನಿಗೆ ಕಳಿಸಿದೆ — ಬೆರಳಿನ ಒಂದು ಒತ್ತು, ಅಷ್ಟೇ. ಒತ್ತುವಾಗ ಬಸವರಾಜನ ಮುಖ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದರೆ ಸುಲಭವಾಗುತ್ತಿತ್ತು. ನೆನಪಾಯಿತು.

ಯುಗಾದಿಯ ಹಿಂದಿನ ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ ಚಾಚು ಖಾಲಿಯಾಗಿತ್ತು. ಪೊದೆಗೆ ಸಿಕ್ಕಿಕೊಂಡ ಬಲೆಯ ತುಂಡು, ಒಂದಿಷ್ಟು ಗರಿ. ಮರಿಗಳಿಲ್ಲ, ತಾಯಿ ಇಲ್ಲ. ಗಂಡು ಕೆಲವು ದಿನ ಎದುರಿನ ಗೋಡೆಯ ಮೇಲೆ ಹಗಲಿನಲ್ಲೂ ಕೂತಿತ್ತಂತೆ, ಕಾಗೆಗಳು ಕುಕ್ಕಿದರೂ ಏಳದೆ. ಆಮೇಲೆ ಅದೂ ಕಾಣಲಿಲ್ಲ. ನಾನು ಮೊಬೈಲು ತೆರೆದು ನೋಡಿದರೆ ಆ ಮನುಷ್ಯ ಮಾಯವಾಗಿದ್ದ — ಹೆಸರೂ ಇಲ್ಲ, ಮಾತೂ ಇಲ್ಲ. ಮೋಸ ಹೋದೆ ಎಂದು ಮೈಯೆಲ್ಲ ಉರಿಯಿತು. ಅಂದು ನಾನು ಮೊದಲು ಮಾಡಿದ ಕೆಲಸ ಬಸವರಾಜನಿಗೆ ಫೋನು ಮಾಡುವುದಲ್ಲ. ಗುಂಪಿನಿಂದ ಫೋಟೊ ಅಳಿಸಿದ್ದು.

ಬಸವರಾಜ ತಾನೇ ವಾಡಿಗೆ ಬಂದ. ಚಹಾ ಮುಟ್ಟಲಿಲ್ಲ.

“ಕೂರೋ ಜಾಗ ಗೊತ್ತಿದ್ದದ್ದು ನನಗ, ನಿನಗ, ಮಲ್ಲೂಗ,” ಎಂದ. “ನೀ ಅಂತೂ ಅಲ್ಲ. ಮತ್ತ ಯಾರು ಹೇಳ್ಯಾರು?”

ಅವನು ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ — ಕೇಳಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ‘ನೀ ಅಂತೂ ಅಲ್ಲ’ ಎಂಬ ಮಾತಿನ ಮೇಲೆ ನಾನು ಆರಾಮಾಗಿ ಕೂತುಬಿಟ್ಟೆ. ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಅವನ ಕಣ್ಣು ನನ್ನ ಮೇಲೇ ಇತ್ತು, ನನಗೆ ಹೆದರಿಕೆಯಾಯಿತು, ಬಾಯಿ ತೆರೆದೆ.

“ಮಲ್ಲೂನ್ನ ಒಮ್ಮಿ ಕೇಳಿ ನೋಡು,” ಎಂದೆ.

ಬಸವರಾಜ ಎದ್ದು ಹೋದ.

ಮುಂದಿನದು ಬೇಗ ಬೇಗ ನಡೆಯಿತು. ಮಲ್ಲು ಆಣೆ ಮಾಡಿದ, ಅಣ್ಣ ನಂಬಲಿಲ್ಲ. ಖಣಿ ಕೊಡೋಣ ಎಂದವನು ಅವನೇ ಅಲ್ಲವೆ, ಗೂಬೆ ಹೋದರೆ ಲಾಭ ಅವನಿಗೇ ಅಲ್ಲವೆ? ನಾನು ಇಟ್ಟ ಕಿಡಿಗೆ ಉರಿಯಲು ಬೇಕಾದದ್ದೆಲ್ಲ ಆ ಮನೆಯಲ್ಲಿ ಮೊದಲೇ ಇತ್ತು. ಆ ವರ್ಷವೇ ಪಾಲಾಯಿತು. ಮಲ್ಲು ಹೆಂಡತಿಯನ್ನು ಕರೆದುಕೊಂಡು ಭಂಕೂರಿಗೆ ಹೋಗಿ ಮನೆ ಮಾಡಿದ. ಬಸವರಾಜ ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಅತ್ತ. “ಹೊರಗಿನವ್ರು ಕದ್ದಿದ್ರ ಇಷ್ಟು ಉರೀತಿದ್ದಿಲ್ಲ, ರಾಘು. ನನ್ನ ಕೈಯಾಗ ಬೆಳದ ಹುಡುಗ...” ಎಂದು ಅರ್ಧಕ್ಕೆ ನಿಲ್ಲಿಸಿದ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ನಕ್ಷೆ ಕಳಿಸಿದ ಅದೇ ಕೈ.

ಮುಂದಿನ ಹಿಂಗಾರಿಯಲ್ಲಿ ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟುವಾಗ ಇಲಿಗಳು ಬಂದವು. ದಂಟು ಕಡಿದು ತೆನೆ ಕೆಡವಿ ಹೊಲದ ಒಂದು ಮಗ್ಗುಲನ್ನೇ ಮಲಗಿಸಿದವು. ಒಂದು ಜೋಡಿ ಗೂಬೆ ಹೋದದ್ದಕ್ಕೇ ಇದೆಲ್ಲ ಆಯಿತು ಎಂದು ಜೀವಶಾಸ್ತ್ರ ಕಲಿಸಿದ ನಾನು ಖಂಡಿತವಾಗಿ ಹೇಳಲಾರೆ. ಇಲಿ ಹೆಚ್ಚಲು ಹತ್ತು ಕಾರಣ ಇರಬಹುದು. ಆದರೆ ಎಂದೂ ಪಾಷಾಣ ಇಡದ ಬಸವರಾಜ ಆ ವರ್ಷ ಇಟ್ಟ. ಇಲಿಗಳ ಜೊತೆ ಹೊರಸಲು ಹಕ್ಕಿಗಳು ಸತ್ತವು, ಗೌಜಲಕ್ಕಿಗಳು ಸತ್ತವು. ಒಂದು ದಿನ ಹೆಣ್ಣು ನವಿಲೊಂದು ಬದುವಿನ ಮೇಲೆ ಕತ್ತು ಚಾಚಿ ಬಿದ್ದಿತ್ತು. “ಇದಕ್ಕ ನಾ ಇಟ್ಟಿದ್ದಿಲ್ಲೋ,” ಎಂದ ಅವನು, ನನಗೆ ಸಮಜಾಯಿಷಿ ಕೊಡುವವನಂತೆ. ನನಗೆ! ಹಕ್ಕಿಗಳು ಕಡಿಮೆಯಾದ ಮೇಲೆ ತೊಗರಿಯಲ್ಲಿ ಕಾಯಿಕೊರಕ ಹುಳ ಹೆಚ್ಚಿತು ಎನ್ನುತ್ತಾನೆ. ಅದಕ್ಕೆ ಬೇರೆ ಔಷಧಿ, ಹೂವಿನ ಮೇಲೆ. ಹೂವಿಗೆ ಬರುತ್ತಿದ್ದ ಜೇನುನೊಣಗಳ ಸದ್ದು ಈಗ ಆ ಹೊಲದಲ್ಲಿ ಕೇಳುವುದಿಲ್ಲ. ಕೌದಿ ಬಿಚ್ಚಿಕೊಳ್ಳುವುದನ್ನು ನಾನು ಬದುವಿನ ಮೇಲೆ ನಿಂತು ನೋಡಿದೆ, ಎಳೆ ಕಿತ್ತವನು ಯಾರೆಂದು ಗೊತ್ತಿದ್ದೂ.

ಕೊನೆಗೆ ಖಣಿಯನ್ನೂ ಕೊಟ್ಟ. “ಗೂಬಿನೇ ಇಲ್ಲದ ಖಣಿ ಇಟಗೊಂಡು ಏನ್ ಮಾಡ್ಲಿ?” ಎಂದ. ಟ್ರ್ಯಾಕ್ಟರುಗಳು ಬಿಳಿ ಕೆಸರು ತಂದು ಸುರಿಯತೊಡಗಿದ ದಿನ ನಾನೂ ಅಲ್ಲಿದ್ದೆ. ಒಂದು ಕಾಲಕ್ಕೆ ಕೊಡೋಣ ಎಂದಿದ್ದ ಮಲ್ಲುವೇ ಭಂಕೂರಿನಿಂದ ಬೈಕಿನಲ್ಲಿ ಧಾವಿಸಿ ಬಂದು ಅಡ್ಡ ನಿಂತ.

“ಮುಚ್ಚಬ್ಯಾಡ ಅಣ್ಣಾ. ಉಳದಿದ್ದ ಗಂಡು ಯಾವಾಗಾರ ಬಂದೀತು. ಇನ್ನೊಂದ್ನ ಕರಕೊಂಡು ಬಂದೀತು,” ಎಂದ.

“ಮಾರೋದು ಮಾರಿ ಈಗ್ಯಾಕ ಬಂದಿ?” ಎಂದ ಬಸವರಾಜ.

ಮಲ್ಲು ನನ್ನ ಕಡೆ ನೋಡಿದ. ಏನಾದರೂ ಹೇಳಿ ಸರ್ ಎಂಬಂತಿತ್ತು ಆ ನೋಟ — ಆಗ ನಾನು ಹಾಗೆಂದುಕೊಂಡೆ. ನಾನು ಕನ್ನಡಕ ತೆಗೆದು ಒರೆಸಿದೆ. ಕೆಸರು ಬಿತ್ತು. ಆಪಿನ ಮೇಲೆ, ನೀರಿನ ಮೇಲೆ, ಕಪ್ಪೆಗಳು ಇನ್ನೂ ಅಲ್ಲೇ ಇರುವಾಗಲೇ. ಅದು ಒಣಗಿದ ಮೇಲೆ ಸುಣ್ಣ ಬಳಿದ ಅಂಗಳದಂತಾಯಿತು. ಇಂದಿಗೂ ಅಲ್ಲಿ ಹುಲ್ಲು ಕೂಡ ಸರಿಯಾಗಿ ಹುಟ್ಟಿಲ್ಲ.

ಇಷ್ಟೆಲ್ಲ ಆದಮೇಲೂ ನಾನು ಬಾಯಿ ಬಿಡದೆ ಬದುಕಿದೆ. ಪಾಠ ಮಾಡಿದೆ, ನಿವೃತ್ತನಾದೆ, ಪರಿಸರ ದಿನದಂದು ಕರೆದಲ್ಲಿ ಹೋಗಿ ಭಾಷಣ ಮಾಡಿದೆ. ಬಸವರಾಜ ಹಬ್ಬಕ್ಕೆ ಹೋಳಿಗೆ ಕಳಿಸಿದರೆ ತಿಂದೆ.

ಕಳೆದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ಮಲ್ಲು ಸಿಕ್ಕ. ಕೂದಲು ಬೆಳ್ಳಗಾಗಿದೆ. ಗಾಡಿ ತಡವಿತ್ತು, ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅಣ್ಣ ಹೇಗಿದ್ದಾನೆ ಎಂದು ಕೇಳಿದ. ನಾನು ಹೇಳಿದೆ. ಆಮೇಲೆ ಯಾಕೋ, ಆ ಕ್ಷಣಕ್ಕೆ ಏನು ಬಂತೋ — “ಮಲ್ಲು, ಆ ಗೂಬೆಗಳ ವಿಷಯ...” ಎಂದು ಶುರುಮಾಡಿದೆ.

“ನನಗ ಗೊತ್ತದರಿ ಸರ್,” ಎಂದ. “ನೀವು ಫೋಟೊ ಹಾಕಿದ್ದನ್ನ ಆ ಗುಂಪಿನ್ಯಾಗಿದ್ದ ನಮ್ಮ ಗೆಳೆಯ ಅವತ್ತೇ ತೋರ್ಸಿದ್ದ. ಮುಂದ ನೀವು ಅಳಿಸಿದ್ದೂ ನೋಡೀನಿ.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆನೋ, ಬರೀ ಅವನ ಮುಖ ನೋಡಿದೆನೋ.

“ಅಣ್ಣ ಆಗ ನನ್ನ ಮಾತು ನಂಬತಿದ್ದಿಲ್ರಿ. ನಂಬಿದ್ರ ಅದು ಇನ್ನೂ ಕೆಟ್ಟ ಆಗ್ತಿತ್ತು. ತಮ್ಮ ಮೋಸ ಮಾಡ್ದ ಅಂತ ನಿಮ್ಮ ಮುಂದ ಬಂದು ಅಳತಿದ್ದ. ನೀವೂ ಹಂಗೇ ಅಂತ ಗೊತ್ತಾದ್ರ ಅವ ಯಾರ ಮುಂದ ಅಳಬೇಕಿತ್ರಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗಾಡಿ ಬಂತು. “ಬರ್ತೀನ್ರಿ ಸರ್, ತಬ್ಯತ್ ನೋಡ್ಕೋರಿ,” ಎಂದು ಹತ್ತಿ ಹೋದ. ಖಣಿಯ ದಂಡೆಯ ಮೇಲೆ ಅವನು ನನ್ನ ಕಡೆ ನೋಡಿದ್ದು ಸಹಾಯ ಬೇಡುವುದಕ್ಕಲ್ಲ ಎಂದು ಆಗ ಹೊಳೆಯಿತು. ಎಲ್ಲ ತಿಳಿದೂ ಅವನು ನನಗೊಂದು ಅವಕಾಶ ಕೊಟ್ಟಿದ್ದ.

ಬಸು, ಇದು ಅಚ್ಚಾಗುವ ಮೊದಲು ನಿನ್ನ ಮುಂದೆ ಕುಳಿತು ಓದುತ್ತೇನೆ. ಓದುತ್ತ ನನ್ನ ದನಿ ನಿಂತರೆ ಉಳಿದದ್ದನ್ನು ನೀನೇ ಓದಿಕೋ. ಕ್ಷಮೆ ಕೇಳಲು ಬರುತ್ತಿಲ್ಲ, ಕೊಡಬೇಡ. ಗೂಬೆಗಳನ್ನು ತಂದುಕೊಡಲಾರೆ, ಆ ನವಿಲನ್ನು, ಖಣಿಯ ನೀರನ್ನು ತಂದುಕೊಡಲಾರೆ. ಕೇಳಿದ ಮೇಲೆ ನಿನ್ನ ಮನಸ್ಸು ಏನಾಗುತ್ತದೆಂದು ನನಗೆ ಗೊತ್ತು. ಅಂದು ನೀನು ವಾಡಿಗೆ ಬರಬೇಡ. ನನ್ನ ಪಡಸಾಲೆಯಲ್ಲಿ ಇನ್ನು ನಿನಗೆ ಅಳುವ ಜಾಗವಿಲ್ಲ. ಭಂಕೂರಿಗೆ ಹೋಗು. ಅಲ್ಲಿ ಹೋಗಿ ಅಳು. ಅವನು ನಿನ್ನನ್ನು ಏನೂ ಕೇಳುವುದಿಲ್ಲ, ಒಳಗೆ ಕರೆಯುತ್ತಾನೆ.