ಮನೆಗೆ ಬಾರದ ಹುಡುಗಿ

ಮಾಯಾದೇಶದ ಕಥೆಯಿದ್ದ ಆ ಮಕ್ಕಳ ಪುಸ್ತಕವನ್ನು ಅಮ್ಮ ಓದುತ್ತಿದ್ದದ್ದು ನನಗಾಗಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಅದು ತವರೂರು ಟೇಕಲ್‌ನಿಂದ ಅಮ್ಮನ ಮದುವೆ ಪೆಟ್ಟಿಗೆಯಲ್ಲೇ ಬಂದಿತ್ತು, ನಾನಿನ್ನೂ ಹುಟ್ಟಿರಲಿಲ್ಲ. ಎರಡನೆಯದಾಗಿ, ಅಮ್ಮ ಅದನ್ನು ತೆಲುಗು ಮಾಡಿ ಹೇಳುತ್ತಿದ್ದದ್ದು ಪುಸ್ತಕದ ಕನ್ನಡ ಅರ್ಥವಾಗದ ನನ್ನ ಅಜ್ಜಿಗೆ.

ಗೌನಿಪಲ್ಲಿ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅತ್ತೆ ಸೊಸೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಂತೆ ಕಥೆಯೂ ಸಾಗುತ್ತಿತ್ತು. ಬೆಟ್ಟದ ನೆರಳಿನೊಳಗೆ ಇಳಿದ ಹುಡುಗಿಗೆ ಬೇರೊಂದು ದೇಶದಲ್ಲಿ ಮೋಡ ಮೇಯಿಸುವ ಕೆಲಸ ಸಿಗುತ್ತದೆ. ಮೋಡ ಏನು ತಿನ್ನುತ್ತೆ ಎಂದು ಚಿಕ್ಕವಳಾಗಿದ್ದ ನಾನು ವಾದಕ್ಕಿಳಿದರೆ, ಅಜ್ಜಿ "ಸುಮ್ನಿರೇ ಲಾಯರಮ್ಮ, ಕೇಳಕ್ಕೆ ಬಿಡು" ಎನ್ನುತ್ತಿದ್ದಳು.

ಕಥೆ ಮುಗಿದ ದಿನ ಅಜ್ಜಿ, ಹುಡುಗಿ ಮನೆಗೆ ಬಂದಳಾ ಎಂದು ಕೇಳಿದಳು.

"ರಾಲೇದತ್ತಾ," ಎಂದಳು ಅಮ್ಮ. ಬರಲಿಲ್ಲವಂತೆ.

"ಮಂಚಿ ಪನಿ ಚೇಸಿಂದಿ," ಎಂದಳು ಅಜ್ಜಿ. ಒಳ್ಳೆಯ ಕೆಲಸ ಮಾಡಿದಳಂತೆ!

ಈಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಮೂಲ ನೋಡದೆ ಸಮಾಧಾನವಿಲ್ಲ. ಮೊನ್ನೆ ಪುಸ್ತಕ ತೆಗೆದು ಓದಿದೆ. ಕೊನೆಯ ಪುಟದಲ್ಲಿ ಹುಡುಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ, ಕೈಕಾಲು ತೊಳೆದು, ಊಟಕ್ಕೆ ಕೂರುತ್ತಾಳೆ.

ಕಾಲೇಜನ್ನು ಅರ್ಧಕ್ಕೆ ಬಿಟ್ಟು ಈ ಮನೆಗೆ ಸೊಸೆಯಾಗಿ ಬಂದ ಅಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಆ ಪುಟವನ್ನು ಅವಳ ಮುಂದೆ ಹಿಡಿದೆ.

"ಅಮ್ಮಾ, ಇಲ್ಲಿ ಮನೆಗೆ ಬಂದಿದಾಳಲ್ಲ. ನೀನ್ಯಾಕೆ ಅವಳನ್ನ ಅಲ್ಲೇ ಬಿಟ್ಟೆ?"