ಉಂಗುರಬೆರಳಿನ ರೂಢಿ

ನಮಗೆ ಟೈಪಿಂಗ್ ಕಲಿಸಿದ ಅಕ್ಕೋರ ಬದುಕಿನ ಕೊನೆಯ ವರ್ಷ, ಅವರ ಬಲಗೈ ಉಂಗುರಬೆರಳಿಗೆ ಒಂದು ಸಣ್ಣ ಗಾಯವಾಗಿತ್ತು. ಮಳೆ ಮುಗಿದು ಚಳಿ ಕಳೆದರೂ ಮಾಯಲಿಲ್ಲ. ಚಿಂದಿ ಸುತ್ತಿಕೊಂಡೇ ಟೈಪ್ ಮಾಡುತ್ತಿದ್ದರು. ಕೇಳಿದರೆ, "ಬೆರಳ ಸವದೈತಿ, ಬಿಡವಾ," ಅನ್ನುತ್ತಿದ್ದರು.

ಅದಕ್ಕೂ ಮೊದಲು, ಮಿರಜಿನ ಅವರ ಕ್ಲಾಸಿನಲ್ಲಿ ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ಬಂದು ಕೂತಾಗ ನಾನು ವಿದ್ಯಾರ್ಥಿನಿ. ಊರೇ ಕಂಪ್ಯೂಟರ್ ಎಂದು ಓಡುತ್ತಿದ್ದ ಕಾಲ. ಅಕ್ಕೋರೂ ನಮ್ಮ ಜೊತೆಗೇ ಪ್ರೋಗ್ರಾಂ ಬರೆಯಲು ಕಲಿತರು. ನಾವು ಬರೆದದ್ದಕ್ಕೆಲ್ಲ ಬೇಕೆಂದೇ ತಪ್ಪು ಒತ್ತುವುದು ಅವರ ಚಾಳಿ. ಪ್ರೋಗ್ರಾಂ ವಯಸ್ಸು ಕೇಳಿದರೆ ಹೆಸರು ಹೊಡೆಯುವರು.

"ಕೊಟ್ಟದ್ದನ್ನ ಗಪ್ಪನ ನುಂಗತೈತಿ ನೋಡ ನಿನ್ನ ಪ್ರೋಗ್ರಾಂ. ಮೊದಲ ಅಗೀಲಿ. ಅಂಕಿ ಅಲ್ಲದ್ದು ಬಂದ್ರ ಉಗಳಲಿ."

"ಹಂಗ ಯಾರ ಒತ್ತತಾರ್ರೀ ಅಕ್ಕೋರೆ?" ಎಂದು ನಕ್ಕಿದ್ದೆ. ನನ್ನ ಸೊಕ್ಕಿಗೆ ಬೆಂಕಿ ಹಾಕ!

ಮುಂದೆ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಸಕ್ಕರೆಯ ಅಂಕಿಗಳನ್ನು ಕೀಬೋರ್ಡಿನಿಂದ ಓದಿ, ಮಿತಿ ಮೀರಿದವರ ಹೆಸರನ್ನಷ್ಟೇ ಪಟ್ಟಿ ಮಾಡುವ ಪ್ರೋಗ್ರಾಂ ಬರೆದೆ. ಪಟ್ಟಿಯಲ್ಲಿದ್ದವರಿಗೆ ಅಂದೇ ಹೇಳಿಕಳಿಸುತ್ತಿದ್ದೆವು. ಅಂಕಿ ಹೌದೋ ಅಲ್ಲವೋ ನೋಡುವ ಸಾಲುಗಳನ್ನು ಬರೆಯಲು ಮಾತ್ರ ಬೇಸರಪಟ್ಟೆ.

ಆ ಮಾಯದ ಗಾಯ ನೋಡಿ ನಾನು ಕೊಟ್ಟ ಕಾಟಕ್ಕೆ ಅಕ್ಕೋರೂ ಒಂದು ದಿನ ರಕ್ತ ಕೊಟ್ಟು ಹೋದರು. ಮರುದಿನದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಖುಷಿಯಿಂದ ಫೋನ್ ಮಾಡಿ, "ಏನೂ ಇಲ್ರೀ, ಆರಾಮ ಇರ್ರಿ," ಎಂದೆ.

"ಮತ್ತ ಇಷ್ಟ್ಯಾಕ ನೀರಡಿಕಿ ಆಗತೈತಿ?"

"ಬಿಸಲ ಐತಲ್ರೀ," ಎಂದುಬಿಟ್ಟೆ.

ನಾಲ್ಕನೆಯ ದಿನ ಅವರು ಕ್ಲಾಸಿನಲ್ಲೇ ಎಚ್ಚರ ತಪ್ಪಿ ಬಿದ್ದರು. ಲ್ಯಾಬಿಗೆ ಓಡಿ ಅವರ ಸಕ್ಕರೆಯ ಅಂಕಿ ಬರೆದಿದ್ದ ಚೀಟಿ ತೆಗೆದೆ: ನಾನೂರ ಹನ್ನೆರಡು. ಅದನ್ನು ಕಂಪ್ಯೂಟರಿಗೆ ಹೊಡೆದವಳು ಅಕ್ಕೋರ ಕೈಯಲ್ಲೇ ಕಲಿತ ಟೈಪಿಸ್ಟ್. ಅವರ ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಯ ಕೀ ಇರಲಿಲ್ಲ. ಅದರ ಬದಲು ಉಂಗುರಬೆರಳಿನಿಂದ ಇಂಗ್ಲಿಷಿನ ಸಣ್ಣ ಎಲ್ ಹೊಡೆಯುವುದನ್ನು ಅಕ್ಕೋರೇ ನಮಗೆಲ್ಲ ರೂಢಿ ಮಾಡಿಸಿದ್ದರು. ಕಣ್ಣಿಗೆ ಎರಡೂ ಒಂದೇ. ನನ್ನ ಪ್ರೋಗ್ರಾಂ ಮಾತ್ರ ಮೊದಲ ಅಂಕಿ ನಾಲ್ಕನ್ನು ಓದಿ, ಒಂದರ ಜಾಗದಲ್ಲಿ ಆ ಅಕ್ಷರ ಎದುರಾದೊಡನೆ ಅಲ್ಲೇ ನಿಂತಿತ್ತು. ಅದರ ಪಾಲಿಗೆ ಅಕ್ಕೋರ ಸಕ್ಕರೆ ಬರೀ ನಾಲ್ಕು.

ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಟ್ಟಾಗ ಅಳುತ್ತ ಎಲ್ಲ ಹೇಳಿದೆ.

"ಆ ಪಟ್ಟಿ ಇನ್ನೂ ನಡದೈತೇನ?"

"ಹೌದ್ರಿ."

"ಹಂಗಾರ ಇಲ್ಲ್ಯಾಕ ಕುಂತಿ? ನಡಿ. ಇನ್ನ ಯಾರ್ಯಾರ ಹೆಸರ ಬಿಟ್ಟೈತೊ."

ಹೋದೆ. ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಹೀಗೆ ತಪ್ಪಿಹೋದವರು ಇನ್ನೂ ಮೂವರು ಸಿಕ್ಕರು. ಇಬ್ಬರಿಗೆ ಹೇಳಿ, ಮೂರನೆಯವರನ್ನು ಹುಡುಕಿಕೊಂಡು ಬುಧಗಾಂವಕ್ಕೆ ಬಸ್ ಹತ್ತಿದೆ. ಬಾಗಿಲಿಗೆ ಬಂದ ಹೆಂಗಸು ನನ್ನ ಕೈಯಲ್ಲಿದ್ದ ಚೀಟಿ ನೋಡಿ, "ಅವರ ತೀರಿಹೋಗಿ ಎರಡ ದಿನಾ ಆತ್ರಿ," ಎಂದಳು.

ತಿರುಗಿ ಮಿರಜಿಗೆ ಬಂದಾಗ ಅಕ್ಕೋರ ಹಾಸಿಗೆಯೂ ಖಾಲಿಯಾಗಿತ್ತು.